ಬಟ್ಟಲು ಬಂದಿಲ್ಲ

ನನ್ನ ಅವ್ವ ದೊಡ್ಡತಾಯಮ್ಮನ ಹತ್ತಿರ ಹದಿನಾಲ್ಕು ಸ್ಟೀಲ್ ಬಟ್ಟಲುಗಳಿವೆ. ಒಂದೊಂದರ ಅಂಚಿನಲ್ಲೂ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿದೆ. ಕೊರೆದವನಿಗೆ ಅವಸರವಿತ್ತೋ, ಜಾಗ ಸಾಲಲಿಲ್ಲವೋ, ಹದಿನಾಲ್ಕರಲ್ಲೂ ‘ದೊಡ್ತಾಮ್ಮ’ ಎಂದೇ ಇದೆ. ಅವ್ವನಿಗೆ ಓದಲು ಬಾರದ್ದರಿಂದ ಈ ತಪ್ಪು ಮೂವತ್ತು ವರ್ಷ ಯಾರ ನೆಮ್ಮದಿಯನ್ನೂ ಕೆಡಿಸಿಲ್ಲ.

ಮೂರು ವರ್ಷದ ಹಿಂದೆ ಸಂತೆಬಾಚಹಳ್ಳಿ ಕಡೆಯ ನಮ್ಮೂರಿನಿಂದ ಅವಳನ್ನು ಬೆಳಗೊಳಕ್ಕೆ ಕರೆತಂದೆ. ನಾನು ಕೆ.ಆರ್.ಎಸ್.ನಲ್ಲಿ ಗುಮಾಸ್ತ, ಹೆಂಡತಿ ಪವಿತ್ರ ಶ್ರೀರಂಗಪಟ್ಟಣದಲ್ಲಿ ಸ್ಕೂಲ್ ಮೇಡಂ. ‘ತಾಯಿ ನಮ್ಮ ಜೊತೆಯಲ್ಲೇ ಇದ್ದಾರೆ’ ಎಂದು ನಾಲ್ಕು ಜನರ ಮುಂದೆ ಹೇಳುವಾಗ ನನ್ನ ಎದೆ ಒಂದಿಂಚು ಉಬ್ಬುತ್ತಿತ್ತು. ಜೊತೆ ಎಂದರೆ ಊಟದ ಹೊತ್ತಿನ ಅರ್ಧ ಗಂಟೆ, ಅದರಲ್ಲೂ ನಮ್ಮಿಬ್ಬರ ನಡುವೆ ಟಿ.ವಿ. ಇರುತ್ತಿತ್ತು ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ನಾವಿಬ್ಬರೂ ಗೇಟು ದಾಟಿದರೆ ಸಂಜೆ ಆರೂವರೆವರೆಗೆ ಮನೆಯಲ್ಲಿ ಅವ್ವ, ಮತ್ತೆ ಫ್ರಿಜ್ಜಿನ ಸದ್ದು. ನಮ್ಮ ಬೀದಿಯೂ ಹೊಸದು. ಎಲ್ಲ ಮನೆಗೂ ಕಬ್ಬಿಣದ ಗೇಟು. ಕೂತು ಮಾತಾಡಲು ಒಂದು ಮನೆಗೂ ಜಗಲಿ ಇಲ್ಲ.

ಅವ್ವ ಸುಮ್ಮನೆ ಕೂರುವ ಪೈಕಿಯಲ್ಲ. ಬೆಳಿಗ್ಗೆ ನಾಲೆಯ ಏರಿ ಮೇಲೆ ನಡೆದು ಬಂದರೆ ಮಡಿಲು ಖಾಲಿ ಇದ್ದದ್ದು ನಾನು ಕಂಡಿಲ್ಲ. ಮೇಲೆ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ. ಅದರ ಕೆಳಗೆ ಅವತ್ತಿನ ಸಂಪಾದನೆ: ಯಾರೋ ಎಸೆದ ವೈರ್ ಬುಟ್ಟಿಯ ಅರ್ಧ ಭಾಗ, ಎತ್ತಿನ ಕೊರಳಿಂದ ಬಿದ್ದ ಗೆಜ್ಜೆ, ಹುಂಜದ ಬಾಲದ ಒಂದು ಪುಕ್ಕ. ಒಂದು ದಿನ ಕರಿ ಕಲ್ಲೊಂದನ್ನು ತಂದು ಕಿಟಕಿಯಲ್ಲಿಟ್ಟಳು.

“ಇದೇನವ್ವ?”

“ಕಲ್ಲು ಕಣ್ಲಾ.”

“ಯಾಕೆ?”

“ಚೆಂದಾಗದೆ.”

ಈ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ. ವೈರ್ ಬುಟ್ಟಿಯನ್ನು ಬಿಚ್ಚಿ, ಬೇರೆ ಬಣ್ಣದ ವೈರಿನ ಜೊತೆ ಸೇರಿಸಿ, ನನ್ನ ಊಟದ ಡಬ್ಬಿಗೆಂದು ಹೊಸ ಬುಟ್ಟಿ ಹೆಣೆದಳು. ಗುಲಾಬಿ ಮತ್ತು ಗಿಳಿಹಸಿರು. ಅದನ್ನು ಹಿಡಿದು ಆಫೀಸಿಗೆ ಹೋದ ದಿನ ಪಕ್ಕದ ಮೇಜಿನ ಚಿಕ್ಕಮಾದಯ್ಯ, “ಏನ್ ಸ್ವಾಮಿ, ಸಂತೆಗೆ ವೊಂಟ್ರಾ?” ಎಂದ. ಈಗಲೂ ಹಾಗೆಯೇ ಕೇಳುತ್ತಾನೆ.

ಕಾಲಕ್ಕೆ ತಕ್ಕ ಕೆಲಸ ಅವಳಿಗೆ ತಾನಾಗಿಯೇ ಸಿಗುತ್ತಿತ್ತು. ಬೇಸಿಗೆಯಲ್ಲಿ ತಾರಸಿಯ ಮೇಲೆ ಅಕ್ಕಿ ಸಂಡಿಗೆ, ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿ. ಮಳೆ ಬಿದ್ದರೆ ಬೆರಕೆ ಸೊಪ್ಪಿನ ಸಾರು. ಚಳಿ ಬಂದರೆ ಅವರೆಕಾಯಿ. ಮಾಡುತ್ತಿದ್ದುದು ಮಾತ್ರ ಹನ್ನೆರಡು ಜನರ ಮನೆಯ ಅಳತೆಯಲ್ಲಿ, ಇದ್ದವರು ಮೂವರು. ಉಳಿದದ್ದು ಬಟ್ಟಲುಗಳಲ್ಲಿ ಬೀದಿಗೆ ಹೋಗುತ್ತಿತ್ತು. ಪಕ್ಕದ ಮನೆಯ ನರ್ಸ್ ರಮ್ಯಳಿಗೊಂದು, ಎದುರು ಮನೆಯ ಬಷೀರುನ್ನೀಸಾಗೊಂದು, ಮೂಲೆಮನೆ ಶಿವಣ್ಣನ ಹೆಂಡತಿಗೊಂದು.

ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಬೇಕು. ಹಾಗಾಗಿ ಬಟ್ಟಲು ಹೋಗುವುದು ಎರಡು ನಿಮಿಷದ ಕೆಲಸವಾದರೆ, ಬರುವುದು ಮುಕ್ಕಾಲು ಗಂಟೆಯದು. ತಂದವರು ಗೇಟಿನಲ್ಲಿ ನಿಲ್ಲಬೇಕು, ಅವ್ವ ಒಳಗೆ ಕರೆಯಬೇಕು, ಅವರು ಬೇಡ ಕೆಲಸವಿದೆ ಎನ್ನಬೇಕು, ಆಮೇಲೆ ಕೂತುಕೊಳ್ಳಬೇಕು. ಇದೆಲ್ಲ ಹಗಲು ಹನ್ನೊಂದರ ಸುಮಾರಿಗೆ ನಡೆಯುತ್ತಿತ್ತಾದ್ದರಿಂದ ನಾನು ಒಂದು ದಿನವೂ ನೋಡಿದವನಲ್ಲ. ಊಟದ ಹೊತ್ತಿನಲ್ಲಿ ನನಗೆ ಸಿಗುತ್ತಿದ್ದುದು ವರದಿ ಮಾತ್ರ.

“ರಮ್ಯನ್ ಬಟ್ಲು ಬಂತು ಕಣ್ಲಾ. ಎಲ್ಡು ನಿಂಬೆಣ್ಣು ಆಕವ್ಳೆ. ಬಷೀರಮ್ಮನ್ದು ಬಂದಿಲ್ಲ. ಶಿವಣ್ಣನ್ ಎಂಡ್ರುದೂ ಬಂದಿಲ್ಲ.”

ಕಡತಗಳ ನಡುವೆ ತಲೆ ನರೆತವನಿಗೆ ‘ಬಂದಿಲ್ಲ’ ಎಂದರೆ ಒಂದೇ ಅರ್ಥ: ಬಾಕಿ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ಸಲ, “ಎಂಟ್ ದಿನ ಆಯ್ತು, ಮೂರು ಬಟ್ಲು ಬಂದಿಲ್ಲ” ಎಂದು ಅವಳು ಬೇಸರದ ದನಿಯಲ್ಲಿ ಹೇಳಿದಳು. ತಾಯಿಯ ಕಷ್ಟ ನೋಡಲಾರದ ಮಗ ಎದ್ದ. ಮೂರೂ ಮನೆಗೆ ನಾನೇ ಹೋಗಿ ಬಟ್ಟಲುಗಳನ್ನು ವಸೂಲು ಮಾಡಿ ತಂದೆ. ಮಾರನೆಯ ವಾರ ಮೈಸೂರಿಗೆ ಹೋದಾಗ, ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಾರಲ್ಲ, ಆ ಥರದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳ ದೊಡ್ಡ ಕಟ್ಟೊಂದನ್ನು ಹೊತ್ತು ತಂದೆ.

“ಇನ್ಮೇಲೆ ನಿನಗೆ ಬಟ್ಟಲಿನ ಯೋಚನೆಯೇ ಬೇಡ ಅವ್ವ.”

ಅವಳು ಡಬ್ಬಿಯೊಂದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದ್ನ ಅವ್ರು ವಾಪಸ್ ಕೊಡ್ಬೇಕಾ?”

“ಬೇಡ. ತಿಂದು ಬಿಸಾಕಬಹುದು.”

“ಓ,” ಎಂದಳು.

ಆ ‘ಓ’ ಮೆಚ್ಚುಗೆಯದೆಂದು ನಾನು ತಿಳಿದೆ. ಬೀದಿಯವರಿಗೆಲ್ಲ “ವಾಪಸ್ ಕೊಡೋ ತಾಪತ್ರಯ ಇಲ್ಲ ಕಣ್ರಮ್ಮ” ಎಂದು ಸಾರಿ ಬಂದೆ. ಹದಿನಾಲ್ಕು ಬಟ್ಟಲನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದೆ. ಅವತ್ತು ನನಗೆ ಬಂದಂಥ ನಿದ್ದೆ ಸರ್ಕಾರಿ ನೌಕರಿ ಸಿಕ್ಕ ದಿನವೂ ಬಂದಿರಲಿಲ್ಲ.

ಆಮೇಲೆ ಊಟದ ಹೊತ್ತಿನ ವರದಿ ನಿಂತುಹೋಯಿತು. ಅವ್ವನಿಗೆ ನೆಮ್ಮದಿಯಾಗಿದೆ ಎಂದುಕೊಂಡೆ. ದೀಪಾವಳಿ ಹೊತ್ತಿಗೆ ಪವಿತ್ರ, “ಅತ್ತೆ ಈಚೀಚೆಗೆ ಮಾತೇ ಆಡಲ್ಲ ಕಣ್ರೀ. ನಾಲೆ ಕಡೆಗೂ ಹೋಗ್ತಿಲ್ಲ,” ಎಂದಳು.

“ವಯಸ್ಸು,” ಎಂದೆ, ನಾಡಿ ಹಿಡಿದು ನೋಡಿದವನ ಹಾಗೆ.

ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುವುದು ಒಬ್ಬರ ಕೆಲಸವಲ್ಲ. ಊರಿನಲ್ಲಿ ನಾಲ್ಕೈದು ಹೆಂಗಸರು ಸುತ್ತ ಕೂತರೆ ಬೆರಳು ತನ್ನ ಪಾಡಿಗೆ ಹಿತುಕುತ್ತಿರುತ್ತದೆ, ಬಾಯಿ ಊರವರನ್ನೆಲ್ಲ ಹಿತುಕುತ್ತಿರುತ್ತದೆ. ಒಂದು ಭಾನುವಾರ ಅವ್ವ ದೊಡ್ಡ ಬೋಸಿಯ ತುಂಬ ಕಾಳು ನೆನೆಸಿಕೊಂಡು ಗೇಟಿನ ಪಕ್ಕ ಕೂತಿದ್ದಳು. ಒಂದು ಕಾಳು ಹಿತುಕುವಳು, ಗೇಟು ನೋಡುವಳು. ಇನ್ನೊಂದು ಹಿತುಕುವಳು, ಮತ್ತೆ ನೋಡುವಳು. ಹೊರಗೆ ಚಪ್ಪಲಿ ಸದ್ದಾದರೆ ಕೈ ನಿಲ್ಲುತ್ತಿತ್ತು. ಸದ್ದು ದಾಟಿ ಹೋದ ಮೇಲೆ ಮತ್ತೆ ಬೆರಳು ಕೆಲಸಕ್ಕೆ ಇಳಿಯುತ್ತಿತ್ತು.

ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ನನ್ನ ಬೆರಳಿಂದ ಬೇಳೆ ಬಂದೂಕಿನ ಗುಂಡಿನಂತೆ ಹಾರಿ ಗೋಡೆಗೆ ಬಡಿಯಿತು. ಎರಡನೆಯದು ಅವಳ ಕನ್ನಡಕಕ್ಕೆ.

“ಎದ್ದೋಗ್ಲಾ ಅತ್ಲಾಗಿ,” ಎಂದಳು. ಎಷ್ಟೋ ದಿನದ ಮೇಲೆ ಅವಳು ನನ್ನನ್ನು ಬೈದಿದ್ದು. ಆದರೆ ನಗಲಿಲ್ಲ.

ಆ ವಾರದಲ್ಲೇ ಸ್ಕೂಟರ್ ಕೆಟ್ಟು ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಬಷೀರುನ್ನೀಸಾ ಸಿಕ್ಕಳು. ಅವಳ ಗಂಡ ಅಜ್ಮತ್ ಉಲ್ಲಾ ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಶಬ್ರೀನಳನ್ನು ಪಾಂಡವಪುರಕ್ಕೆ ಕೊಟ್ಟಿದೆ.

“ದೊಡ್ಡಮ್ಮ ಹೆಂಗವ್ರೆ ಭಾಯ್? ನೋಡಿ ಎಷ್ಟು ದಿನ ಆಯ್ತು.”

“ಎದುರುಮನೆಯೇ ಅಲ್ವಾ ಬಷೀರಕ್ಕ, ಬರೋದು ತಾನೆ?”

“ಅರೆ, ಸುಮ್ಸುಮ್ನೆ ಕೈಬೀಸ್ಕೊಂಡು ಹೆಂಗೆ ಬರೋದು? ಮನೇಲಿ ಕೆಲ್ಸ ಇಲ್ವಾ ಇವ್ಳಿಗೆ ಅಂತಾರೆ ಬೀದಿಯೋರು. ಬಟ್ಲು ಇದ್ರೆ ಒಂದು ನೆಪ ಇರ್ತಿತ್ತು.” ಬುರ್ಖಾದ ಅಂಚನ್ನು ಸರಿಮಾಡಿಕೊಂಡು ದನಿ ತಗ್ಗಿಸಿದಳು. “ನಿಮ್ ಡಬ್ಬಿ ಬಿಸಾಕಕ್ಕೆ ಮನಸ್ ಬರ್ಲಿಲ್ಲ. ತೊಳ್ದು ಇಟ್ಟಿದೀನಿ, ಹನ್ನೊಂದು ಅವೆ. ಅದ್ನ ತಂದ್ಕೊಟ್ರೆ ನೀವೇ ನಗ್ತೀರ ಅಂತ ಸುಮ್ನಾದೆ.”

ನಾನು ನಗಲಿಲ್ಲ. ಬಸ್ಸು ಬಂದರೂ ಹತ್ತಲಿಲ್ಲ. ಅವ್ವ ಎಣಿಸುತ್ತಿದ್ದುದು ಬಟ್ಟಲುಗಳನ್ನಲ್ಲ ಎಂಬುದು ಐವತ್ತೆರಡನೆಯ ವಯಸ್ಸಿನಲ್ಲಿ, ರಸ್ತೆ ಬದಿಯಲ್ಲಿ, ಗುಲಾಬಿ ಬುಟ್ಟಿ ಹಿಡಿದು ನಿಂತವನಿಗೆ ತಿಳಿಯಿತು. ವಸೂಲಿಗೆ ಹೋಗಿದ್ದೆನಲ್ಲ, ಅದೂ ನೆನಪಾಯಿತು.

ಅಂದೇ ಸಂಜೆ ಅಟ್ಟ ಹತ್ತಿ ಗೋಣಿಚೀಲ ಇಳಿಸಿದೆ. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಟ್ಟಲುಗಳು ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು ಬಿಸಿಲಿಗೆ ಮೈಯೊಡ್ಡಿದ್ದವು. ಭಾನುವಾರ ಹಿತಕಬೇಳೆ ಸಾರಾಯಿತು. ತಪ್ಪು ಮಾಡಿದವನೇ ಹೊರಲಿ ಎಂದು ನಾನೇ ಹೊತ್ತು ಹೊರಟೆ.

ಮೂಲೆಮನೆಯವರು ಊರಲ್ಲಿರಲಿಲ್ಲ. ರಮ್ಯ ಒಳ್ಳೆಯ ಹುಡುಗಿ. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಒಳಗೆ ಓಡಿ, ಸಾರನ್ನು ತನ್ನ ಪಾತ್ರೆಗೆ ಬಗ್ಗಿಸಿ, ಬಟ್ಟಲನ್ನು ತೊಳೆದು, ಒರೆಸಿ, ನನ್ನ ಕೈಗೇ ಕೊಟ್ಟಳು. “ಡ್ಯೂಟಿಗೆ ಲೇಟಾಯ್ತು ಅಂಕಲ್. ಅಜ್ಜಿಗೆ ಮತ್ತೆ ಬಟ್ಟಲಿನ ಚಿಂತೆ ಯಾಕೆ ಅಂತ ಈಗಲೇ ಕೊಟ್ಬಿಟ್ಟೆ.” ನನ್ನ ಶಿಷ್ಯೆಯೇ. ನಾನು ಕಲಿಸಿದ ಪಾಠವನ್ನು ನನಗೇ ಒಪ್ಪಿಸಿದ್ದಳು.

ಬರಿಯ ಬಟ್ಟಲು ಹಿಡಿದು ಮೂರೇ ನಿಮಿಷಕ್ಕೆ ವಾಪಸ್ ಬಂದ ನನ್ನನ್ನು ಅವ್ವ ನೋಡಿದಳು.

“ಆಗ್ಲೇ ಬಂತಾ?” ಎಂದಳು. ಅಷ್ಟೇ.

ಬಷೀರುನ್ನೀಸಾ ಮಾತ್ರ ಬಟ್ಟಲನ್ನು ಎರಡು ಕೈಯಲ್ಲಿ ಇಸಿದುಕೊಂಡು, “ಬುಧವಾರ ನಾನೇ ತರ್ತೀನಿ ಅಂತ ಹೇಳಿ,” ಎಂದಳು. ಅವ್ವ ಬುಧವಾರ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳಂತೆ. ಆದರೆ ಮಂಗಳವಾರವೇ ಶಬ್ರೀನಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅತ್ತೆಯಿಲ್ಲದ ಮನೆ, ಮೂರನೆಯ ಮಗು. ನಲವತ್ತು ದಿನದ ಬಾಣಂತನಕ್ಕೆಂದು ಬಷೀರುನ್ನೀಸಾ ಉಟ್ಟ ಬಟ್ಟೆಯಲ್ಲೇ ಪಾಂಡವಪುರದ ಬಸ್ಸು ಹತ್ತಿದ್ದಳು.

“ನೀನೂ ಹೋಗಿ ಮಗು ನೋಡ್ಕೊಂಡು ಬಾ ಅವ್ವ. ಹೆಂಗಸರಿಗೆ ಬಸ್ಸು ಬಿಟ್ಟಿ,” ಎಂದೆ.

“ಎಂಗ್ಲಾ ಓಗದು? ಬಟ್ಲು ಅವ್ಳ್ ತಾವ ಅದೆ. ಈಗ ನಾನ್ ಓದ್ರೆ ಇಸ್ಕಳಕ್ ಬಂದವ್ಳಂಗೆ ಆಯ್ತದೆ. ಅವ್ಳೇ ಬರ್ಬೇಕು.”

ಈ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ.

ಹದಿನೇಳು ದಿನ ಕಳೆದವು. ಅವ್ವ ಹಳೆಯ ನೂಲಿನ ಸೀರೆಗಳನ್ನು ಪದರ ಮಾಡಿ ಕೂಸಿಗೊಂದು ಹಾಸಿಗೆಬಟ್ಟೆ ಹೊಲಿಯುತ್ತಿದ್ದಳು. ಹದಿನೇಳನೆಯ ದಿನ ಬೆಳಿಗ್ಗೆ ನಾನು ಸ್ಕೂಟರ್ ತೆಗೆಯುವಾಗ ಅಜ್ಮತ್ ಉಲ್ಲಾ ರಸ್ತೆ ದಾಟಿ ಬಂದರು. ಕೈಯಲ್ಲಿ ಕಾಗದ ಮುಚ್ಚಿದ ಬಟ್ಟಲು.

“ಪಾತ್ರೆ ತೊಳೀತಿದ್ದೆ ಸ್ವಾಮಿ, ಇದ್ರಲ್ಲಿ ಅಮ್ಮನ ಹೆಸ್ರು ಕಾಣ್ತು. ತಗೊಳ್ಳಿ, ಬಹಳ ದಿನ ಇಟ್ಕೊಂಡ್ಬಿಟ್ವಿ.”

ಕೈ ಚಾಚಿದೆ. ಅಷ್ಟರಲ್ಲಿ ಕಿಟಕಿಯ ಪರದೆ ಒಂದು ಬೆರಳಗಲ ಸರಿದದ್ದು ಕಂಡಿತು. ಈ ಬಟ್ಟಲು ಈಗ ಒಳಗೆ ಹೋದರೆ, ಬೀದಿಯಲ್ಲಿ ಯಾರ ಮನೆಯಿಂದಲೂ ಏನೂ ಬರುವುದು ಬಾಕಿ ಉಳಿಯುವುದಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

“ಬೇಡ ಸಾಬ್ರೇ. ನೀವೇ ಇಟ್ಕೊಳ್ಳಿ.”

ಅವರ ಮುಖ ಸಣ್ಣದಾಯಿತು. “ಯಾಕ್ ಸ್ವಾಮಿ? ಚೆನ್ನಾಗಿ ತೊಳ್ದಿದೀನಿ. ಸಕ್ಕರೆ ಹಾಕಿದೀನಿ, ಬೇರೇನೂ ಹಾಕಿಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಒಳ್ಳೆಯದು ಮಾಡಲು ಹೊರಟಾಗಲೆಲ್ಲ ನಾನು ಹೀಗೆ ಯಾರಾದರೊಬ್ಬರ ಎದೆಗೆ ಸ್ಕೂಟರ್ ಹತ್ತಿಸಿರುತ್ತೇನೆ. “ಅಯ್ಯೋ, ಹಾಗಲ್ಲ ಸಾಬ್ರೇ, ಖಂಡಿತ ಹಾಗಲ್ಲ,” ಎಂದು ತೊದಲಿ, ಡಬ್ಬಿಯಿಂದ ಹಿಡಿದು ಬುಧವಾರದ ತನಕ ಎಲ್ಲವನ್ನೂ ನಡುಬೀದಿಯಲ್ಲಿ ಒಪ್ಪಿಸಿದೆ. “ಅಕ್ಕನೇ ಬಂದು ಕೊಡಲಿ. ಅಮ್ಮ ಕಾಯ್ತಿರೋದು ಬಟ್ಟಲಿಗಲ್ಲ.”

ಅವರು ತಮ್ಮ ಮನೆಯ ಬಾಗಿಲು ನೋಡಿದರು.

“ನಂದೂ ಅಷ್ಟೇ ಸ್ವಾಮಿ. ಅವ್ಳು ಹೋದಾಗಿಂದ ಟೀ ಕಾಸಿದ್ರೆ ಎರಡು ಲೋಟಕ್ಕೆ ಆಗ್ಬಿಡ್ತದೆ,” ಎಂದು, ಬಟ್ಟಲನ್ನು ಎದೆಗೆ ಒತ್ತಿಕೊಂಡು ವಾಪಸ್ ಹೋದರು.

ನಾನು ಒಳಗೆ ಬಂದೆ. ಅವ್ವ ಹೊಲಿಗೆಯ ಮೇಲೆ ಬಗ್ಗಿ ಕೂತಿದ್ದಳು, ಕಿಟಕಿಯ ಹತ್ತಿರ ಹೋಗಿಯೇ ಇಲ್ಲವೆಂಬಂತೆ.

“ಏನಾಕಿದ್ರಲಾ ಒಳಗೆ?”

“ಸಕ್ಕರೆ.”

“ಗಂಡಸ್ರು ಅಷ್ಟೇಯ. ಅವ್ಳಾಗಿದ್ರೆ ಖರ್ಜೂರ ಆಕವ್ಳು.” ದಾರ ಕಚ್ಚಿ ತುಂಡು ಮಾಡಿದಳು. “ನಲವತ್ತಕ್ಕೆ ಇನ್ನೆಷ್ಟ್ ದಿನ ಅದೆ?”

“ಇಪ್ಪತ್ಮೂರು.”

“ಸಕ್ರೆ ಇರುವೆ ಮುತ್ಕತ್ತದೆ. ಓಗಿ ಮುಚ್ಚಿಡಕ್ಕೇಳು.”

ಹೋದೆ. ಆಟೋ ಆಗಲೇ ಹೊರಟುಹೋಗಿತ್ತು, ಗೇಟಿಗೆ ಬೀಗ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಬಟ್ಟಲು ಕಾಣುತ್ತಿತ್ತು, ಕಾಗದ ಗಾಳಿಗೆ ಅರ್ಧ ಎದ್ದಿತ್ತು. ಬೀಗವನ್ನು ಸುಮ್ಮನೆ ಒಮ್ಮೆ ಅಲ್ಲಾಡಿಸಿ ವಾಪಸ್ ಬಂದೆ.

“ಮುಚ್ಚವ್ರಾ?”

“ಮುಚ್ಚವ್ರೆ ಅವ್ವ.”

“ಅಂಗಾರೆ ಸರಿ ಬುಡು,” ಎಂದು ಅವಳು ಕುರ್ಚಿಯನ್ನು ಎಳೆದು ಗೇಟಿನ ಕಡೆಗೆ ತಿರುಗಿಸಿ ಕೂತಳು, ಇಪ್ಪತ್ತಮೂರು ದಿನ ಮುಂಚಿತವಾಗಿಯೇ.