ಶೇಂಗಾ ಸುಲಿಯುತ್ತ ಕಲಿತ ಇಂಗ್ಲಿಷ್

ನನಗೆ ಬರುವುದು ಅರ್ಧ ಇಂಗ್ಲಿಷ್. ವಿನಯಕ್ಕೆ ಹೇಳುವ ಮಾತಲ್ಲ ಇದು, ತೂಗಿ ನೋಡಿದರೂ ಸರಿಯಾಗಿ ಅರ್ಧವೇ. ಯಾರಾದರೂ ಇಂಗ್ಲಿಷಿನ ಒಂದು ಚಿಕ್ಕ ಪದ ಹೇಳಿದರೆ ಅದರ ಅರ್ಥ ನನ್ನ ಬಾಯಿಂದ ತಾನಾಗಿ ಉದುರುತ್ತದೆ. ಆದರೆ ಕನ್ನಡದ ಮಾತು ಕೊಟ್ಟು ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತೇನೆ. ಆ ಉಳಿದರ್ಧ ನಮ್ಮಣ್ಣನ ಹತ್ತಿರ ಇದೆ. ಅವನಿರುವುದು ಹೊಸದುರ್ಗದಲ್ಲಿ, ನಾನಿರುವುದು ಹಿರಿಯೂರಿನಲ್ಲಿ. ಹೀಗೆ ನಮ್ಮ ಮನೆತನದ ಇಂಗ್ಲಿಷ್ ಎರಡು ತಾಲ್ಲೂಕುಗಳಿಗೆ ಹಂಚಿಹೋಗಿದೆ.

ಇದಕ್ಕೆಲ್ಲ ಕಾರಣ ಶೇಂಗಾ. ನಾವು ಹುಟ್ಟಿ ಬೆಳೆದದ್ದು ಹಿರೇಗುಂಟನೂರಿನಲ್ಲಿ. ಜೋಗಿಮಟ್ಟಿ ಬೆಟ್ಟದ ಕಡೆ ಮೋಡ ಕಟ್ಟಿತೆಂದರೆ ಅಪ್ಪ ಶೇಂಗಾ ಚೀಲವನ್ನು ಅಟ್ಟದಿಂದ ಇಳಿಸುತ್ತಿದ್ದ. ಬಿತ್ತನೆಯ ಬೀಜವನ್ನು ಕೈಯಲ್ಲೇ ಸುಲಿಯಬೇಕು. ಯಂತ್ರಕ್ಕೆ ಕೊಟ್ಟರೆ ಕಾಳು ಒಡೆಯುತ್ತದೆ, ಒಡೆದದ್ದು ಹುಟ್ಟುವುದಿಲ್ಲ. ಸುಲಿಯಲು ಕೂರುತ್ತಿದ್ದವರು ಅಣ್ಣ ಮತ್ತು ನಾನು. ಶೇಂಗಾದ ಕಾವಲಿಗೆ ಮಕ್ಕಳನ್ನು ಕೂರಿಸುವುದೂ ಹಾಲಿನ ಕಾವಲಿಗೆ ಬೆಕ್ಕನ್ನು ಕೂರಿಸುವುದೂ ಒಂದೇ. ಅಪ್ಪನಿಗೆ ಅದು ಗೊತ್ತಿತ್ತು. ಅವನು ಕಂಡುಕೊಂಡ ಉಪಾಯ ಏನೆಂದರೆ, ಸುಲಿಯುವವರ ಬಾಯಿ ಖಾಲಿ ಇರಬಾರದು. ಬೇರೆ ಮನೆಗಳಲ್ಲಿ ಹಾಡು ಹೇಳಿಸುತ್ತಿದ್ದರು. ನಮ್ಮಿಬ್ಬರ ಕಂಠದ ಮೇಲೆ ಅಪ್ಪನಿಗೆ ಅಷ್ಟು ಭರವಸೆ ಇರಲಿಲ್ಲ.

"ಇಸ್ಕೂಲಾಗೆ ಅದೇನೋ ಇಂಗ್ಲೀಷು ಹೇಳ್ಕೊಡ್ತಾರಲ್ಲ, ಅದ್ನೇ ಹೇಳ್ರಲೇ, ಜೋರಾಗಿ" ಎಂದು ಅವನು ಒಳಗೆ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದ.

ಅಣ್ಣನ ಪಾಠದ ಪುಸ್ತಕದ ಕೊನೆಯಲ್ಲಿ ಚಿಕ್ಕ ಚಿಕ್ಕ ಪದಗಳನ್ನು ಮೊದಲ ಅಕ್ಷರ ನೋಡಿ ಗುಂಪು ಮಾಡಿ ಕೊಟ್ಟಿದ್ದರು. ಅವನು ದೊಡ್ಡವನಾದ್ದರಿಂದ ಪದ ಅವನದು, ಅರ್ಥ ನನ್ನದು. ನಮಗೆ ತುಂಬ ಚೆನ್ನಾಗಿ ಓಡುತ್ತಿದ್ದದ್ದು ಎಲ್ ಮತ್ತು ಓ ಕೂಡಿ ಶುರುವಾಗುವ ಗುಂಪು. ಲಾಗ್? ದಿಮ್ಮಿ. ಲೋ? ತಗ್ಗು. ಲಾಟ್? ಬಹಳ. ಲಾಕ್? ಬೀಗ. ಲಾಸ್? ನಷ್ಟ. ಲೋನ್ಲಿ? ಒಂಟಿ. ಲವ್ ಎಂಬುದು ಬಂದಾಗ ಮಾತ್ರ ಅಣ್ಣ ತಲೆ ತಗ್ಗಿಸಿ ಗಂಟಲಲ್ಲೇ ಏನೋ ಸದ್ದು ಮಾಡುತ್ತಿದ್ದ. ನಾನು 'ಅಕ್ಕರೆ' ಎಂದು ಬೇಗ ಮುಗಿಸಿ ಮುಂದಿನ ಕಾಯಿ ಒಡೆಯುತ್ತಿದ್ದೆ.

ನಡುವೆ ಸದ್ದು ನಿಂತರೆ ಒಳಗಿನಿಂದ ಅಪ್ಪನ ದನಿ ಬರುತ್ತಿತ್ತು. "ಯಾಕ್ರಲೇ, ನಿಂತೋತು?" ಸದ್ದು ನಿಂತಿದೆ ಎಂದರೆ ಯಾರದೋ ಬಾಯಲ್ಲಿ ಬೀಜ ಇದೆ. ಹೆಚ್ಚಾಗಿ ಅದು ಅಣ್ಣನ ಬಾಯಿ. ಕಾಳನ್ನು ಒಂದು ದವಡೆಗೆ ಒತ್ತಿಕೊಂಡು ನನ್ನ ಕಡೆ ಒಂದು ಹುಬ್ಬು ಎತ್ತುತ್ತಿದ್ದ. ಅವನನ್ನು ಬಿಟ್ಟುಕೊಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವನು ಹೇಳದೆ ಬಿಟ್ಟ ಪದಗಳಿಗೂ ನಾನೇ ಅರ್ಥ ಕೂಗುತ್ತಿದ್ದೆ. ದಿಮ್ಮಿ, ತಗ್ಗು, ಬಹಳ, ಬೀಗ. ಅಪ್ಪ ಸಮಾಧಾನವಾಗಿ ಮತ್ತೆ ಗೋಡೆಗೆ ಒರಗುತ್ತಿದ್ದ.

ಹೀಗೆ ಕಲಿತ ವಿದ್ಯೆ ಮುಂದೆ ನಾನು ಕೆಲಸಕ್ಕಿದ್ದ ಕಚೇರಿಯಲ್ಲಿ ನನ್ನ ಮಾನ ಕಳೆದದ್ದೂ ಉಂಟು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿ ಬೀರುವಿನತ್ತ ಕೈ ಮಾಡಿ "ಲಾಕ್" ಎಂದರು. ನಾನು ಎದ್ದು ನಿಂತು, ಇಡೀ ಕಚೇರಿಗೆ ಕೇಳುವಂತೆ, "ಬೀಗ" ಎಂದೆ. ಬೀರು ಹಾಗೇ ತೆರೆದಿತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದಿನ ಮೇಜಿಗೆ ಹೋದರು.

ಅರ್ಥಕೋಶ ಮಾಡುವವರಿಗೆ ಕರುಣೆ ಕಡಿಮೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಒಂದೇ ಅಕ್ಷರದಿಂದ ಶುರುವಾಯಿತೆಂಬ ಒಂದೇ ಕಾರಣಕ್ಕೆ ಲವ್, ಲಾಸ್ ಎರಡನ್ನೂ ಪಕ್ಕಪಕ್ಕದಲ್ಲಿ ಕೂರಿಸಿಬಿಡುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಮಾತು ಬಿಟ್ಟ ಬೀಗರ ಪಕ್ಕ ಎಲೆ ಸಿಕ್ಕಿದ ಹಾಗೆ ಅವು ಮುಖ ತಿರುಗಿಸಿಕೊಂಡು ಕೂತಿರಬೇಕು. ನಮ್ಮ ಕನ್ನಡವೇನೂ ಕಡಿಮೆಯಿಲ್ಲ. ಒಂಟಿ ಎಂಬ ಮಾತಿನಿಂದ ಒಂದೆರಡು ಹಾಳೆ ಮಗುಚಿದರೆ ಒಟ್ಟು ಸಿಗುತ್ತದೆ, ಇನ್ನೊಂದಿಷ್ಟು ಮಗುಚಿದರೆ ಒಡಹುಟ್ಟು. ಬದುಕಿನಲ್ಲಿ ಹಿರಿಯೂರಿನಿಂದ ಹೊಸದುರ್ಗ ಅಷ್ಟು ಹತ್ತಿರವಿಲ್ಲ.

ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೆಲ್ಲ ಈಗ ತೀರಿಕೊಂಡಿದ್ದಾರೆ. ನಿವೃತ್ತಿಯಾದ ಮೇಲೆ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಕೆಲವು ದಿನ ಹಾಲಿನವನಿಗೆ 'ಅರ್ಧ ಲೀಟರ್' ಎಂದದ್ದು ಬಿಟ್ಟರೆ ಸಂಜೆಯವರೆಗೂ ಮಾತಿಗೆ ಕೆಲಸವೇ ಇರುವುದಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಅಣ್ಣನ ಫೋನು ಬರುತ್ತಿತ್ತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ಲಾಗ್?" ಎನ್ನುತ್ತಿದ್ದ. "ದಿಮ್ಮಿ" ಎನ್ನುತ್ತಿದ್ದೆ. ಆಮೇಲೆ ಸಾರು ಏನು, ಮಳೆ ಬಂತಾ, ಇಷ್ಟೇ. ಇಷ್ಟಕ್ಕೇ ನಾನು ಮಧ್ಯಾಹ್ನದಿಂದ ಕಾಯುತ್ತಿದ್ದೆ ಎಂದು ಅವನಿಗೆ ಹೇಳಿದವಳಲ್ಲ.

ಈ ವರ್ಷ ಬೇಸಿಗೆಯಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ಹೋಯಿತು. ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದೆ, ಅಲ್ಲಿ ಅವನು ಬರೀ ನಿದ್ದೆಯಲ್ಲಿದ್ದ. ಹಿಂತಿರುಗಿದ ಮೇಲೆ ಸಂಜೆಗಳು ನನಗೆ ಭಯ ಹುಟ್ಟಿಸತೊಡಗಿದವು. ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಉಣ್ಣುತ್ತಿದ್ದೆ, ಅದು ಸುಮ್ಮನೆ ಇರುತ್ತಿತ್ತು. ಅರ್ಥಗಳೆಲ್ಲ ನನ್ನ ಹತ್ತಿರವೇ ಇದ್ದವು, ಕೇಳುವವರಿಲ್ಲದೆ ಅವು ಯಾವುದಕ್ಕೂ ಬಾರದಾದವು.

ಮುಂಗಾರಿನ ಮೋಡ ಕಂಡ ಒಂದು ಬೆಳಿಗ್ಗೆ ತಡೆಯಲಾರದೆ ಹೊಸದುರ್ಗದ ಬಸ್ಸು ಹತ್ತಿದೆ. ಅತ್ತಿಗೆ ಪಡಸಾಲೆಯಲ್ಲಿ ಮೊರ ಹಿಡಿದು ಬಿತ್ತನೆ ಶೇಂಗಾ ಸುಲಿಯುತ್ತಿದ್ದರು. ಅಣ್ಣ ಪಕ್ಕದ ಕುರ್ಚಿಯಲ್ಲಿದ್ದ.

"ಬಾರಮ್ಮ, ಕುಂತ್ಕ" ಎಂದರು ಅತ್ತಿಗೆ. "ನಿಮ್ಮಣ್ಣಗೆ ಎಲ್ಲಾ ತಿಳೀತೈತೆ. ಊಟನೂ ಸರಿಯಾಗೇ ಮಾಡ್ತಾರೆ. ಬಾಯಿ ಒಂದು ಬರಲ್ಲ, ನೋಡು."

ನಾನು ಮೊರದ ಮುಂದೆ ಕೂತೆ. ಅಣ್ಣನ ಕಡೆ ನೋಡಲು ಧೈರ್ಯವಿರಲಿಲ್ಲ, ಕೈ ಸುಲಿಯತೊಡಗಿತು. ಅವನು ಒಂದು ಪದ ಹೇಳಲಿ ಎಂದು ಕಾದೆ. ಕೊನೆಗೆ ಕದ್ದು ನೋಡಿದೆ. ಅವನ ತುಟಿ ಅಲುಗಿತು, ಏನೂ ಬರಲಿಲ್ಲ. ಮತ್ತೆ ಅಲುಗಿತು, ಅವನ ಕಣ್ಣಲ್ಲಿ ನೀರು ಬಂತು. ನನಗೆ ಇನ್ನು ತಾಳಲಾಗಲಿಲ್ಲ, "ದಿಮ್ಮಿ" ಎಂದೆ. ಅತ್ತಿಗೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ತಗ್ಗು" ಎಂದೆ. "ಬಹಳ."

ಅಣ್ಣ ಎಡಗೈ ಚಾಚಿ ಮೊರದಿಂದ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡ. ದವಡೆಗೆ ಒತ್ತಿಕೊಂಡ. ನನ್ನ ಕಡೆ ತಿರುಗಿ ಒಂದು ಹುಬ್ಬು ಎತ್ತಿದ.

"ಅಯ್ಯ, ಬಿತ್ತೋ ಬೀಜ ಕಣ್ರೀ ಅದು" ಎಂದು ಅತ್ತಿಗೆ ಮೊರವನ್ನು ಆಚೆ ಎಳೆದುಕೊಂಡರು. ನಾನು "ಬೀಗ" ಎಂದೆ, ಜೋರಾಗಿ, ಒಳಗೆ ಕೂತವರಿಗೂ ಕೇಳುವ ಹಾಗೆ. ಒಳಗೆ ಯಾರೂ ಇರಲಿಲ್ಲ. ಅಳುತ್ತ ನಕ್ಕೆನೋ ನಗುತ್ತ ಅತ್ತೆನೋ ತಿಳಿಯದು, ಆದರೆ ಅಂದು ಮಧ್ಯಾಹ್ನದ ಊಟಕ್ಕೆ ನನಗೆ ಹಸಿವಾಯಿತು.

ಹೊರಡುವಾಗ ಅತ್ತಿಗೆಗೆ ಒಂದು ಮಾತು ಹೇಳಿ ಬಂದೆ. ಈಗ ದೀಪ ಹಚ್ಚುವ ಹೊತ್ತಿಗೆ ಅವರು ಫೋನು ಹಚ್ಚಿ ಅಣ್ಣನ ಕಿವಿಗೆ ಹಿಡಿಯುತ್ತಾರೆ. ಆ ಕಡೆಯಿಂದ ಮಾತಿಲ್ಲ. ಮೊದಮೊದಲು ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ತೆಗೆದು ನೋಡುತ್ತಿದ್ದೆ. ಈಗ ಅವನ ಬಾಯಲ್ಲಿ ಬೀಜ ಇದೆ ಎಂದುಕೊಂಡು ನನ್ನ ಪಾಲು ಒಪ್ಪಿಸುತ್ತೇನೆ. ದಿಮ್ಮಿ, ತಗ್ಗು, ಬಹಳ, ಬೀಗ, ನಷ್ಟ, ಒಂಟಿ. ಮುಗಿದ ಮೇಲೆ ಮನೆ ಮತ್ತೆ ಖಾಲಿಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನಿನ್ನೆ ಒಂಟಿ ಎಂದು ಹೇಳಿ ಫೋನು ಇಡಬೇಕೆನ್ನುವಷ್ಟರಲ್ಲಿ ಆ ಕಡೆಯಿಂದ, ಗಂಟಲಲ್ಲೇ, ಏನೋ ಒಂದು ಸದ್ದಾಯಿತು. ಅದು ಬರೀ ಕೆಮ್ಮೇ ಇರಬಹುದು. ಆದರೆ ಅರ್ಥ ಹೇಳುವುದು ನನ್ನ ಪಾಲಿನ ಕೆಲಸವಲ್ಲವೆ? 'ಅಕ್ಕರೆ' ಎಂದು ಬೇಗ ಮುಗಿಸಿದೆ.