ನನ್ನ ರಿಸಲ್ಟಿಗೆ ಹಚ್ಚಿದ ದೀಪ

ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಓದುವವರಿಗೆ ವಾರದಲ್ಲಿ ಎರಡು ದಿನ ಫೀಲ್ಡ್‌ವರ್ಕ್ ಕಡ್ಡಾಯ. ಕೊನೆಯ ವರ್ಷ ನನ್ನನ್ನು ಜೆ.ಪಿ. ನಗರದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಹಾಕಿದರು. ಜರಗನಹಳ್ಳಿಯ ಒಂಟಿ ರೂಮಿನ ಬಾಡಿಗೆ ಮನೆಯಿಂದ ಅಲ್ಲಿಗೆ ಬರುತ್ತಿದ್ದ ಹೆಂಗಸೊಬ್ಬರಿಗೆ ತಮ್ಮ ಕಿಡ್ನಿಯ ಚಿಂತೆಯೇ ಇರಲಿಲ್ಲ. ಗಂಡ ತೀರಿಹೋಗಿದ್ದರು, ನೆಂಟರು ಅಷ್ಟಕ್ಕಷ್ಟೆ. ಮೂವತ್ತು ದಾಟಿದ ಮಗಳಿಗೆ ಪುಟ್ಟ ಮಗುವಿನಷ್ಟೇ ತಿಳಿವಳಿಕೆ. ಉಣ್ಣಿಸುವುದು, ಸ್ನಾನ ಮಾಡಿಸುವುದು ಎಲ್ಲ ಅಮ್ಮನೇ.

"ನಾನು ಹೋದ್ಮೇಲೆ ಇವಳನ್ನ ಯಾರು ನೋಡ್ಕೋತಾರೆ ಮೇಡಂ? ಎಲ್ಲಾದ್ರೂ ಒಂದ್ಕಡೆ ಸೇರಿಸ್ಕೊಡಿ," ಅಂದರು. ಬೇರೇನನ್ನೂ ಅವರು ಕೇಳಲಿಲ್ಲ.

ನಾನೂ ಹುರುಪಿನಿಂದಲೇ ಶುರುಮಾಡಿದೆ. ಅಂಜನಾಪುರದಿಂದ ಬಿಟಿಎಂ ತನಕ ಇಂಥವರನ್ನು ನೋಡಿಕೊಳ್ಳುವ ಆಶ್ರಮಗಳಿಗೆ ಬಿಸಿಲಲ್ಲಿ ಅಲೆದೆ. ಒಂದು ಕಡೆ ಹದಿನೆಂಟು ದಾಟಿದವರು ಬೇಡವಂತೆ. ಇನ್ನೊಂದು ಕಡೆ ಮಲ್ಲಿಗೆ ಮುಡಿದಿದ್ದ ಮೇಡಂ ಒಬ್ಬರು ಕಾಫಿ ಕೊಟ್ಟು, "ತಾಯಿ ಇದಾರಲ್ಲಮ್ಮ? ನಾವು ಯಾರೂ ಇಲ್ದೋರನ್ನ ಮಾತ್ರ ತಗೊಳ್ಳೋದು," ಅಂದರು. ಅಂದರೆ ತಾಯಿ ಮೊದಲು ಸಾಯಬೇಕು! ಎಂಥ ಕರ್ಮ! ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಬಂದೆ. ಜಗಳವಾಡಿದರೆ ನಾಳೆ ಅಲ್ಲಿ ಗೇಟೂ ತೆಗೆಯುವುದಿಲ್ಲ.

ಆ ತಾಯಿಯ ಮುಂದೆ ಬರಿಗೈಯಲ್ಲಿ ಹೋಗಿ ನಿಂತಾಗೆಲ್ಲ, "ಅಮ್ಮ, ನಾನಿನ್ನೂ ಸ್ಟೂಡೆಂಟು," ಅನ್ನುತ್ತಿದ್ದೆ. ಸುಳ್ಳು ಭರವಸೆ ಕೊಡಬೇಡಿ, ಟ್ರೈನಿ ಎಂದು ಮೊದಲೇ ಹೇಳಿಬಿಡಿ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಆ ತಾಯಿ ತಲೆಯಾಡಿಸುತ್ತಿದ್ದರು. ಅರ್ಥವಾಯಿತು ಅಂದುಕೊಂಡೆ.

ಅವರಿಗೆ ಅರ್ಥವಾದದ್ದೇ ಬೇರೆ. ನನ್ನ ಪರೀಕ್ಷೆ ಹತ್ತಿರ ಬಂದಾಗ ಶುಕ್ರವಾರದ ರಾಹುಕಾಲದಲ್ಲಿ ಮಗಳ ಕೈಹಿಡಿದುಕೊಂಡು ಬನಶಂಕರಿ ದೇವಸ್ಥಾನಕ್ಕೆ ಹೋಗಿ, ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುತ್ತಿದ್ದರಂತೆ. ಮದುವೆಯಾಗಲಿ, ಕಾಯಿಲೆ ವಾಸಿಯಾಗಲಿ ಎಂದು ಜನ ಹಚ್ಚುವ ದೀಪವನ್ನು ಇವರು ನಾನು ಪಾಸಾಗಲಿ ಎಂದು ಹಚ್ಚುತ್ತಿದ್ದರು! ವಿಭಾಗದ ನರ್ಸ್ ಇದನ್ನು ಹೇಳಿದಾಗ ನನಗೆ ನಗು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ನಮ್ಮಮ್ಮ ಕೂಡ ನನಗಾಗಿ ಇಷ್ಟು ಮಾಡಿರಲಿಲ್ಲ.

ಪಾಸಾದೆ. ಸ್ವೀಟ್ ಹಂಚಲು ಆಸ್ಪತ್ರೆಗೆ ಹೋದೆ. ನಾನು ಪಾಸಾದದ್ದನ್ನೂ ಬರುವುದನ್ನೂ ನರ್ಸ್ ಆ ತಾಯಿಗೆ ಮೊದಲೇ ಹೇಳಿದ್ದಳು. ತಾಯಿ ಮಗಳು ಇಬ್ಬರೂ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದರು. ಮಗಳಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ, ಹೊಸ ಚೂಡಿದಾರ ತೊಡಿಸಿದ್ದರು. ಪಕ್ಕದಲ್ಲಿ ಬಟ್ಟೆ ತುಂಬಿದ ಬ್ಯಾಗು.

"ಪಾಸಾದ್ರಂತೆ ಮೇಡಂ! ಲೈಟ್ ಆರಿಸಿದ್ರೆ ಹೆದರ್ಕೋತಾಳೆ, ಅದೊಂದು ಅಲ್ಲಿರೋರಿಗೆ ಹೇಳ್ಬಿಡಿ. ಎಲ್ಲಿಗೆ ಕರ್ಕೊಂಡೋಗ್ತೀರ ಇವಳನ್ನ?"

ಮೈಸೂರುಪಾಕಿನ ಡಬ್ಬಿ ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. "ಅಮ್ಮ, ಪಾಸಾದ್ರೂ ನನ್ ಕೈಲಿ ಏನೂ ಇಲ್ಲಮ್ಮ. ಎಲ್ಲೂ ತಗೊಳ್ತಿಲ್ಲ," ಅಂದೆ.

ಅವರು ಸಿಟ್ಟಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬ್ಯಾಗನ್ನು ತಮ್ಮ ಕಡೆಗೆ ಎಳೆದುಕೊಂಡು ಕೇಳಿದರು:

"ಹಂಗಾದ್ರೆ ಇನ್ಯಾರು ಪಾಸಾಗ್ಬೇಕು ಮೇಡಂ?"

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅವರಿಗೆ ಉತ್ತರ ಬೇಕಿತ್ತು. ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.