ಒಲೆ ಆರಿಸಿದ ಪಕ್ಕದ ಮನೆಯಾಕೆ

ರಾಮನಗರದ ನಮ್ಮ ಪಕ್ಕದ ಮನೆಯಾಕೆ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯಿಸುವ ಆವಿಯಲ್ಲೇ ದಿನ ಕಳೆಯುತ್ತಿದ್ದ ಅವರು, ಯಾರ ಮೂಗು ಕಟ್ಟಿದರೂ ‘ಒಸಿ ಆವಿ ತಗೊಳವ್ವ, ಸರೋಯ್ತದೆ’ ಎನ್ನುತ್ತಿದ್ದರು.

ತಂಗಿಯ ಸೈನಸ್ ಸೋಂಕಿಗೆ ನಾನೂ ಹತ್ತು ದಿನ ಆವಿ ಕೊಟ್ಟೆ. ಹನ್ನೊಂದನೆಯ ಬೆಳಿಗ್ಗೆ ಅವಳ ಕಣ್ಣು ಊದಿತ್ತು. ಎಲ್ಲವೂ ಎರಡೆರಡು ಕಾಣುತ್ತಿದೆ ಎಂದಳು. ನಾನು ಮತ್ತೆ ನೀರು ಕಾಯಲಿಟ್ಟೆ.

ಪಕ್ಕದ ಮನೆಯಾಕೆ ಬಂದು, ಗೂಡು ಪರೀಕ್ಷಿಸುವಂತೆ ಊತವನ್ನು ಬೆರಳಿಂದ ಮುಟ್ಟಿ ನೋಡಿ, ಒಲೆ ಆರಿಸಿದರು.

‘ಆವಿ ಕೊಡು ಅಂದೋರು ನೀವೇ ಅಲ್ವಾ?’ ಎಂದೆ.

‘ಕಟ್ಟಿದ ಮೂಗಿಗೆ ಅಂದೆ ಕಣವ್ವ, ಕಣ್ಣಿಗಂದ್ನಾ? ಓದ್ದೋಳಂತೆ! ಆಟೋ ಕರಿ, ಆಸ್ಪತ್ರೆಗೆ ನಡಿ.’

ಸೋಂಕು ಕಣ್ಣಿನತ್ತ ಹರಡಿತ್ತು. ತಡಮಾಡಿದ್ದರೆ ದೃಷ್ಟಿ ಹೋಗಬಹುದಿತ್ತು ಎಂದರು ಡಾಕ್ಟರು.

ತಂಗಿ ಗುಣವಾಗಿ ಬಂದ ದಿನ ಆಕೆ ರೇಷ್ಮೆ ಎಳೆಯೊಂದನ್ನು ಬಿಸಿಲಿಗೆ ಹಿಡಿದರು.

‘ಎಷ್ಟವ್ವ ಎಳೆ?’

‘ಒಂದೇ!’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು ತಂಗಿ.